ಹಟ ಅನ್ನುವ ಮೊದಲು: ತಲೆಬುರುಡೆಯ ತೊಂದರೆಯಿರುವ ಮಗುವಿನ ನಡವಳಿಕೆಯನ್ನು ನೋಡಿಕೊಳ್ಳುವ ಬಗೆ

ಯುಕೆಜಿ ಡೈರಿಯಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು: "ಕೂತಲ್ಲಿ ಕೂರುವುದಿಲ್ಲ. ಪಕ್ಕದ ಮಕ್ಕಳನ್ನು ತಳ್ಳುತ್ತಾನೆ. ಹೇಳಿದ್ದು ಕೇಳುವುದಿಲ್ಲ." ಒಂದೇ ವಾರದಲ್ಲಿ ಅದು ಮೂರನೇ ಸಲ. ಅವತ್ತು ರಾತ್ರಿ ನಾನು ಮಲಗದೆ ಮಗನ ಪಕ್ಕ ಕೂತೆ. ಎಂದಿನ ಹಾಗೆ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ದೊಡ್ಡವರಂತೆ ಗೊರಕೆ ಹೊಡೆಯುತ್ತಿದ್ದ. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ಎದೆ ಏರಿಳಿಯುತ್ತಿದೆ, ಉಸಿರಿನ ಸದ್ದಿಲ್ಲ. ಒಂದು, ಎರಡು ಎಂದು ಎಣಿಸಿದೆ. ಹನ್ನೊಂದಕ್ಕೆ ಬಂದಾಗ ಗಕ್ಕನೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಬೆಳಗಿನ ಜಾವದವರೆಗೂ ಅದೇ.

ಮಗನಿಗೆ ಕ್ರೂಝೋನ್ ಸಿಂಡ್ರೋಮ್ ಇದೆ. ತಲೆಬುರುಡೆಯ ಸಂದುಗಳು ಹೊತ್ತಿಗೆ ಮುಂಚೆ ಬೆಸೆದುಕೊಂಡು, ಮುಖದ ನಡುಭಾಗವೂ ಸಣ್ಣದಾಗುವ ಹುಟ್ಟಿನ ತೊಂದರೆ ಅದು. 11 ತಿಂಗಳಿದ್ದಾಗ ತಲೆಬುರುಡೆಯ ಆಪರೇಷನ್ ಆಗಿತ್ತು. ಆಮೇಲೆ ಅವನು ಏನು ಮಾಡಿದರೂ ಮನೆಯಲ್ಲಿ ಎರಡೇ ಮಾತು. ಒಂದು, "ತಲೆಯ ತೊಂದರೆ ಅಲ್ವಾ, ಅದಕ್ಕೇ ಹಾಗೆ." ಇನ್ನೊಂದು, "ಹಟಮಾರಿ, ಮುದ್ದು ಮಾಡಿ ಕೆಡಿಸಿದ್ದೀರಿ." ಐದು ವರ್ಷ ನಾವು ಅವನ ತಲೆಯನ್ನು ನೋಡಿದೆವು, ನಿದ್ದೆಯನ್ನು ನೋಡಲಿಲ್ಲ. ನಮ್ಮ ಹಾಗೆ ಇನ್ನೊಬ್ಬರು ಕಾಲ ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ಒಂಬತ್ತು ವರ್ಷದ ಹುಡುಗನ ತಾಯಿ. ಇಲ್ಲಿರುವುದನ್ನು ನಿಮ್ಮ ಮಗುವಿನ ವೈದ್ಯರ ಮುಂದಿಟ್ಟು ಮಾತಾಡಿ, ಅವರ ಸಲಹೆಯ ಬದಲಿಗೆ ಬಳಸಬೇಡಿ.

ಹೆಜ್ಜೆ 1: ಯಾವ ಬಗೆಯ ತೊಂದರೆ ಎಂದು ಹೆಸರು ಹಿಡಿದು ಕೇಳಿಕೊಳ್ಳಿ

ಹಸುಗೂಸಿನ ತಲೆಬುರುಡೆ ಮಡಕೆಯ ಹಾಗೆ ಅಖಂಡವಲ್ಲ. ಹಲವು ಮೂಳೆಗಳು ಸೇರಿ ಆಗಿರುತ್ತದೆ, ನಡುನಡುವೆ ಹೊಲಿಗೆ ಹಾಕಿದಂಥ ಸಂದುಗಳು. ನೆತ್ತಿ ಮೆತ್ತಗಿರುವುದು, ಕೈಯಿಟ್ಟರೆ ಬಡಿದುಕೊಳ್ಳುವುದು ಈ ಸಂದುಗಳು ಕೂಡುವ ಜಾಗದಲ್ಲಿ. ಹುಟ್ಟಿದಾಗ ಸುಮಾರು 34-35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ವರ್ಷ ತುಂಬುವಾಗ 45-46ಕ್ಕೆ ಬಂದಿರುತ್ತದೆ. ಒಳಗೆ ಮಿದುಳು ಅಷ್ಟು ವೇಗವಾಗಿ ಬೆಳೆಯುತ್ತಿರುತ್ತದೆ, ಸಂದುಗಳು ಅದಕ್ಕೆ ಜಾಗ ಬಿಟ್ಟುಕೊಡುತ್ತಿರುತ್ತವೆ. ಯಾವುದಾದರೂ ಸಂದು ಹೊತ್ತಿಗೆ ಮುಂಚೆ ಬೆಸೆದುಕೊಂಡರೆ ಅದಕ್ಕೆ ಕ್ರೇನಿಯೋಸಿನೊಸ್ಟೋಸಿಸ್ ಎನ್ನುತ್ತಾರೆ. ಬೆಸೆದ ಕಡೆ ಬೆಳವಣಿಗೆ ನಿಂತು ತೆರೆದಿರುವ ಕಡೆ ತಲೆ ಬೆಳೆಯುತ್ತದೆ, ಆಕಾರ ಬದಲಾಗುತ್ತದೆ. ಸುಮಾರು 2,000ದಿಂದ 2,500 ಹೆರಿಗೆಗಳಿಗೆ ಒಂದು ಮಗುವಿನಲ್ಲಿ ಇದು ಕಾಣುತ್ತದೆ. ನಾವು ಅಂದುಕೊಳ್ಳುವಷ್ಟು ಅಪರೂಪವೇನಲ್ಲ.

ನಡವಳಿಕೆಯ ಮಟ್ಟಿಗೆ ಮುಖ್ಯವಾದ ಪ್ರಶ್ನೆ: ಒಂದೇ ಸಂದು ಬೆಸೆದದ್ದೋ, ಮೈಯ ಬೇರೆ ಕಡೆಯೂ ತೊಂದರೆಗಳು ಒಟ್ಟಿಗೆ ಬರುವ ಸಿಂಡ್ರೋಮಿನ ಭಾಗವೋ?

ಹೆಚ್ಚಿನ ಮಕ್ಕಳದ್ದು ಒಂದೇ ಸಂದಿನ ತೊಂದರೆ. ನಡುನೆತ್ತಿಯಲ್ಲಿ ಹಿಂದು ಮುಂದಾಗಿ ಹೋಗುವ ಸಜೈಟಲ್ ಸಂದು ಬೆಸೆಯುವುದೇ ಎಲ್ಲಕ್ಕಿಂತ ಹೆಚ್ಚು. ತಲೆ ಉದ್ದಕ್ಕೆ ದೋಣಿಯಂತಾಗುತ್ತದೆ. ಹಣೆಯ ನಡುವಿನ ಮೆಟೋಪಿಕ್ ಸಂದು ಬೆಸೆದರೆ ಹಣೆ ಚೂಪಾಗುತ್ತದೆ. ಕಿವಿಯ ಕಡೆಯಿಂದ ನೆತ್ತಿಗೆ ಏರುವ ಕೊರೊನಲ್ ಸಂದು ಒಂದು ಪಕ್ಕದಲ್ಲಿ ಬೆಸೆದರೆ ಹಣೆ, ಕಣ್ಣಿನ ಗೂಡು ಓರೆಯಾಗುತ್ತವೆ. ಅಮೆರಿಕದಲ್ಲಿ ಇಂಥ ಮಕ್ಕಳನ್ನು ಹಸುಳೆತನದಿಂದ ಶಾಲೆಯ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದ್ದಾರೆ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸರಾಸರಿ ಕೆಲವೇ ಅಂಕಗಳ ವ್ಯತ್ಯಾಸ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಕಲಿಕೆಯ ತೊಂದರೆ ಏನೂ ಇರಲಿಲ್ಲ. ಉಳಿದವರಿಗೆ ಮಾತಿನಲ್ಲೋ ಲೆಕ್ಕದಲ್ಲೋ ಗಮನದಲ್ಲೋ ಆಸರೆ ಬೇಕಾಯಿತು. ಸಜೈಟಲ್ ಮಕ್ಕಳಿಗಿಂತ ಬೇರೆ ಸಂದುಗಳ ಮಕ್ಕಳಿಗೆ ತುಸು ಹೆಚ್ಚು. ಅಂದರೆ ಹೆದರಿ ಕೂರುವಂಥದ್ದೂ ಅಲ್ಲ, ಮೈಮರೆಯುವಂಥದ್ದೂ ಅಲ್ಲ.

ಸಿಂಡ್ರೋಮ್ ಇದ್ದರೆ ಒಂದೊಂದರ ದಾರಿ ಒಂದೊಂದು. ಕ್ರೂಝೋನ್ ಇರುವ ಮಕ್ಕಳ ಬುದ್ಧಿ ಸಾಮಾನ್ಯವಾಗಿ ಎಲ್ಲರಂತೆಯೇ ಇರುತ್ತದೆ. ಮುಖದ ನಡುಭಾಗ ಸಣ್ಣದಾಗಿರುವುದರಿಂದ ಉಸಿರಾಟ, ನಿದ್ದೆ, ಕಣ್ಣು ತೊಂದರೆ ಕೊಡುತ್ತವೆ. ಏಪರ್ಟ್ ಸಿಂಡ್ರೋಮಿನಲ್ಲಿ ಕೈಕಾಲಿನ ಬೆರಳುಗಳೂ ಕೂಡಿಕೊಂಡಿರುತ್ತವೆ, ಕಲಿಕೆಯ ಮಟ್ಟ ಮಗುವಿನಿಂದ ಮಗುವಿಗೆ ತುಂಬ ಬೇರೆ. ಮ್ಯೂಂಕೆ ಸಿಂಡ್ರೋಮಿನಲ್ಲಿ ಕಿವಿ ಮಂದವಾಗುವುದು ಮತ್ತು ಗಮನದ ತೊಂದರೆ ಎರಡೂ ಹೆಚ್ಚು. ಸ್ಯಾಥ್ರೆ-ಚಾಟ್ಝನ್‌ನಲ್ಲಿ ರೆಪ್ಪೆ ಜೋತು ಬೀಳುವುದು ಉಂಟು. ಇವುಗಳಲ್ಲಿ ಹೆಚ್ಚಿನವು ಎಫ್‌ಜಿಎಫ್‌ಆರ್ ಎಂಬ ಜೀನ್‌ಗಳ ಬದಲಾವಣೆಯಿಂದ, ಸ್ಯಾಥ್ರೆ-ಚಾಟ್ಝನ್ ಮಾತ್ರ ಟ್ವಿಸ್ಟ್1 ಎಂಬ ಜೀನ್‌ನಿಂದ ಬರುತ್ತದೆ. ಜೀನ್ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ ಖರ್ಚು ನೋಡಿ ಮುಂದೂಡುವ ಮೊದಲು ಒಂದು ಮಾತು: ಹೆಸರು ಗೊತ್ತಾದರೆ ಕಿವಿಯನ್ನು ಮೊದಲು ನೋಡಬೇಕೋ ನಿದ್ದೆಯನ್ನೋ ಎಂಬುದು ಗೊತ್ತಾಗುತ್ತದೆ.

ಇಲ್ಲೇ ಇನ್ನೆರಡು ವಿಷಯ ಹೇಳಿಬಿಡುತ್ತೇನೆ. ಬಾಣಂತನದಲ್ಲಿ ಅಜ್ಜಿಯರು ಎಣ್ಣೆ ಹಚ್ಚಿ ತಲೆ ನೀವಿ ದುಂಡಗೆ ಮಾಡುತ್ತಾರೆ, ಸಾಸಿವೆ ದಿಂಬು ಇಡುತ್ತಾರೆ. ಒಂದೇ ಮಗ್ಗುಲಲ್ಲಿ ಮಲಗಿ ತಲೆ ಚಪ್ಪಟೆಯಾಗಿದ್ದರೆ ಮಗ್ಗುಲು ಬದಲಿಸುವುದರಿಂದ, ಎಚ್ಚರವಿರುವಾಗ ನಮ್ಮ ಕಣ್ಣೆದುರು ಬೋರಲು ಮಲಗಿಸಿ ಆಡಿಸುವುದರಿಂದ ಸರಿಹೋಗುತ್ತದೆ. ಬೆಸೆದುಕೊಂಡ ಸಂದನ್ನು ಯಾವ ನೀವುವಿಕೆಯೂ ಬಿಡಿಸಲಾರದು. ಒತ್ತಿ ನೀವುವುದು ಬೇಡವೇ ಬೇಡ. ಎರಡನೆಯದು, "ಗ್ರಹಣದ ದಿನ ಈಚೆ ಬಂದಿದ್ದೆಯಾ?" ಎಂದು ಕೇಳುವವರು. ನನ್ನನ್ನು ಒಬ್ಬರಲ್ಲ, ನಾಲ್ಕು ಜನ ಕೇಳಿದ್ದರು. ಇಂಥ ಜೀನ್ ಬದಲಾವಣೆ ಎಷ್ಟೋ ಮಕ್ಕಳಲ್ಲಿ ಹೊಸದಾಗಿ, ತಾನಾಗಿ ಆಗಿರುತ್ತದೆ. ತಾಯಿ ತಿಂದದ್ದು, ನೋಡಿದ್ದು, ನಡೆದದ್ದು ಯಾವುದೂ ಅದಕ್ಕೆ ಕಾರಣವಲ್ಲ. ತಪ್ಪಿತಸ್ಥ ಭಾವ ಹೊತ್ತ ತಾಯಿ ಮಗುವಿನ ನಡವಳಿಕೆಯನ್ನು ನೆಟ್ಟಗೆ ನೋಡಲಾರಳು. ಅದಕ್ಕೇ ಇದನ್ನು ಮೊದಲ ಹೆಜ್ಜೆಯಲ್ಲೇ ಇಳಿಸಿಡಿ.

ಹೆಜ್ಜೆ 2: ಎರಡು ವಾರ ಬರೆದಿಡಿ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಸಲ ಮಗು ಕೂಗಾಡಿದಾಗ, ಹೊಡೆದಾಗ, ಮಂಕಾಗಿ ಕೂತಾಗ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಮಗು ಮಾಡಿದ್ದೇನು, ಆಮೇಲೆ ನೀವು ಮಾಡಿದ್ದೇನು. "ಹಟ ಮಾಡಿದ" ಎಂದು ಬರೆಯಬೇಡಿ, ಅದು ನಮ್ಮ ತೀರ್ಪು. ಕಣ್ಣಿಗೆ ಕಂಡದ್ದನ್ನು ಬರೆಯಿರಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ:

"ಮಂಗಳವಾರ ಸಂಜೆ 4.30. ಸ್ಕೂಲಿಂದ ಬಂದ. ಷೂ ಬಿಚ್ಚು ಅಂದೆ. ಷೂ ಎಸೆದ, ಗೋಡೆಗೆ ತಲೆ ಒತ್ತಿಕೊಂಡು ನಿಂತ. ಬೈದೆ. ಅತ್ತು ಅಲ್ಲೇ ನಿದ್ದೆ ಹೋದ. 6ಕ್ಕೆ ಎದ್ದ, ಸರಿಯಾಗಿದ್ದ, ತಾನೇ ಷೂ ಎತ್ತಿಟ್ಟ."

ತಾನೇ ಷೂ ಎತ್ತಿಟ್ಟ ಎಂಬ ಕೊನೆಯ ಮಾತನ್ನು ಬರೆಯುವಾಗ ನನಗೇನೂ ಅನ್ನಿಸಿರಲಿಲ್ಲ. ಎರಡು ವಾರ ಕಳೆದು ಪುಟ ತಿರುವಿದಾಗ ಹೊಳೆಯಿತು. ಅವನ ಜಗಳವೆಲ್ಲ ಬೆಳಗ್ಗೆ ಎದ್ದ ಅರ್ಧ ಗಂಟೆಯಲ್ಲಿ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಮಧ್ಯಾಹ್ನ ಒಂದು ತಾಸು ಮಲಗಿದ ಭಾನುವಾರಗಳಲ್ಲಿ ಸಂಜೆ ಜಗಳವೇ ಇಲ್ಲ. ಹಟಕ್ಕೆ ಗಡಿಯಾರ ಇರುವುದಿಲ್ಲ. ಗಡಿಯಾರ ಹಿಡಿದು ಬರುವುದು ದಣಿವು, ಹಸಿವು, ನೋವು.

ಮೊಬೈಲಿನಲ್ಲಿ ಒಂದೆರಡು ವಿಡಿಯೊ ಕೂಡ ತೆಗೆದಿಡಿ. ವೈದ್ಯರ ಕೋಣೆಯಲ್ಲಿ ಮಗು ತೆಪ್ಪಗಿರುತ್ತದೆ, ನೀವು ಹೇಳುವುದು ಸುಳ್ಳೇನೋ ಅನ್ನಿಸುವ ಹಾಗೆ.

ಹೆಜ್ಜೆ 3: ಮೈಯನ್ನು ಮೊದಲು ವಿಚಾರಿಸಿ

ಇದೇ ಈ ಲೇಖನದ ನಡುಗಂಬ. ಬುದ್ಧಿ ಹೇಳುವುದು, ಬೈಯುವುದು, ಚಾರ್ಟು, ಸ್ಟಾರು, ಕೌನ್ಸೆಲಿಂಗ್ ಎಲ್ಲಕ್ಕೂ ಮೊದಲು ಇವನ್ನು ಒಂದೊಂದಾಗಿ ನೋಡಿಸಿ.

ನಿದ್ದೆ. ದೊಡ್ಡವರಿಗೆ ನಿದ್ದೆಗೆಟ್ಟರೆ ತೂಕಡಿಕೆ ಬರುತ್ತದೆ. ಮಕ್ಕಳಿಗೆ ಎಷ್ಟೋ ಸಲ ಅದರ ವಿರುದ್ಧ; ಕುಣಿಯುತ್ತಾರೆ, ಕಿರಿಕಿರಿ ಮಾಡುತ್ತಾರೆ, ಒಂದು ಕೆಲಸದಲ್ಲಿ ನಿಲ್ಲುವುದಿಲ್ಲ. ಮುಖದ ನಡುಭಾಗ ಸಣ್ಣದಾಗಿರುವ ಕ್ರೂಝೋನ್, ಏಪರ್ಟ್, ಮತ್ತು ಇಂಥದೇ ಇನ್ನೊಂದು ಸಿಂಡ್ರೋಮ್ ಆದ ಫೈಫರ್ ಇರುವ ಮಕ್ಕಳಲ್ಲಿ ಮೂಗು ಗಂಟಲುಗಳ ದಾರಿ ಇಕ್ಕಟ್ಟು. ಮಲಗಿದಾಗ ಆ ದಾರಿ ಮುಚ್ಚಿ ಉಸಿರು ಕಟ್ಟುತ್ತದೆ, ಮಿದುಳು ಎಚ್ಚರಗೊಂಡು ಉಸಿರೆಳೆಸುತ್ತದೆ. ರಾತ್ರಿಯಿಡೀ ಇದೇ ನಡೆದರೆ ಹತ್ತು ತಾಸು ಮಲಗಿದರೂ ನಿದ್ದೆ ಆಗಿರುವುದಿಲ್ಲ. ನೋಡಬೇಕಾದ ಗುರುತುಗಳು: ದಿನವೂ ಗೊರಕೆ, ನಡುವೆ ಉಸಿರು ನಿಲ್ಲುವುದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು ಅಥವಾ ಕೂತೇ ನಿದ್ದೆ ಮಾಡುವುದು, ಮೈ ಬೆವರಿ ಒದ್ದೆಯಾಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಬೆಳಗ್ಗೆ ತಲೆನೋವು.

ನಮಗೆ ಮೊದಲು ಸಿಕ್ಕ ಉತ್ತರ "ಗೊರಕೆ ಎಲ್ಲ ಮಕ್ಕಳಿಗೂ ಇರುತ್ತೆ ಬಿಡಿ" ಎಂಬುದು. ಬಿಡಬೇಡಿ. ಮಲಗಿದ ಮಗುವಿನ ಎದೆ ಮತ್ತು ಬಾಯಿ ಎರಡೂ ಕಾಣುವ ಹಾಗೆ, ಅಂಗಿ ಮೇಲೆತ್ತಿ, ಫ್ಯಾನ್ ನಿಲ್ಲಿಸಿ ಮೂರು ನಾಲ್ಕು ನಿಮಿಷದ ವಿಡಿಯೊ ತೆಗೆದು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಸ್ಲೀಪ್ ಸ್ಟಡಿ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಒಂದು ರಾತ್ರಿ ಮೈಗೆ ವೈರುಗಳನ್ನು ಅಂಟಿಸಿ ಉಸಿರು, ಆಮ್ಲಜನಕ, ನಿದ್ದೆಯ ಹಂತಗಳನ್ನು ಅಳೆಯುವ ಪರೀಕ್ಷೆ ಅದು. ನನ್ನ ಮಗನಿಗೆ ಮೂಗಿನ ಹಿಂದಿರುವ ಅಡಿನಾಯ್ಡ್ ಮತ್ತು ಗಂಟಲಿನ ಟಾನ್ಸಿಲ್ ತೆಗೆದರು. ಕೆಲವು ಮಕ್ಕಳಿಗೆ ಅಷ್ಟರಲ್ಲೇ ಮುಗಿಯುವುದಿಲ್ಲ, ರಾತ್ರಿ ಮಾಸ್ಕ್ ಹಾಕಿ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬೇಕಾಗುತ್ತದೆ, ಮುಂದೆ ಮುಖದ ಮೂಳೆಯ ಆಪರೇಷನ್ ಬೇಕಾಗಬಹುದು. ನನ್ನ ಮಗನ ಮಟ್ಟಿಗೆ, ಮೂರು ತಿಂಗಳಲ್ಲಿ ಡೈರಿಯ ಕೆಂಪು ಶಾಯಿ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ, ಗಮನ ಚದುರುವುದು ಇವತ್ತಿಗೂ ಇದೆ. ಆದರೆ ತಳ್ಳುವುದು ನಿಂತಿತು.

ತಲೆಯೊಳಗಿನ ಒತ್ತಡ. ಮಿದುಳಿಗೆ ಜಾಗ ಸಾಲದಿದ್ದರೆ, ಅಥವಾ ಮಿದುಳಿನ ನೀರು ಹರಿಯುವ ದಾರಿಗೆ ತಡೆಯಾದರೆ ಒತ್ತಡ ಏರುತ್ತದೆ. ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು, ಒಂದೇ ಸಂದಿನವರಲ್ಲಿ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆಪರೇಷನ್ ಆದಮೇಲೂ ವರ್ಷಗಳ ನಂತರ ಮರಳಬಹುದು. ಮಾತು ಬಾರದ ಮಗು "ತಲೆ ನೋಯುತ್ತೆ" ಎನ್ನದು. ಅದು ತಲೆ ಒತ್ತಿಕೊಳ್ಳುತ್ತದೆ, ಬೆಳಕಿಗೆ ಮುಖ ತಿರುಗಿಸುತ್ತದೆ, ಎತ್ತಿಕೊಂಡರೂ ಸಮಾಧಾನವಾಗದೆ ಅಳುತ್ತದೆ, ಕಲಿತದ್ದನ್ನು ಬಿಡುತ್ತದೆ. ಚೆನ್ನಾಗಿ ಆಡುತ್ತಿದ್ದ ಮಗು ಕೆಲವು ವಾರಗಳಲ್ಲಿ ಮಂಕಾಗಿದ್ದರೆ, ಓದಿನಲ್ಲಿ ಜಾರುತ್ತಿದ್ದರೆ, ಅದನ್ನು ಸೋಮಾರಿತನ ಎನ್ನುವ ಮೊದಲು ನರಶಸ್ತ್ರವೈದ್ಯರ ಹತ್ತಿರ ಹೋಗಿ. ಕಣ್ಣಿಗೆ ಹನಿ ಹಾಕಿ ಹಿಂಭಾಗದ ನರ ಊದಿದೆಯೇ ಎಂದು ನೋಡುವುದು ನೋವಿಲ್ಲದ ಪರೀಕ್ಷೆ, ಎಷ್ಟು ತಿಂಗಳಿಗೊಮ್ಮೆ ಬೇಕು ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನರ ಊದಿಲ್ಲ ಅಂದಮಾತ್ರಕ್ಕೆ ಒತ್ತಡ ಇಲ್ಲವೆಂದು ಪೂರ್ತಿ ಹೇಳಲಾಗದು, ಹಾಗಾಗಿ ನೀವು ಮನೆಯಲ್ಲಿ ಕಂಡದ್ದನ್ನೂ ಹೇಳಿ.

ಕಾಯದೆ ಆಸ್ಪತ್ರೆಗೆ ಓಡಬೇಕಾದವು: ಮತ್ತೆ ಮತ್ತೆ ವಾಂತಿ, ಅದರಲ್ಲೂ ಬೆಳಗ್ಗೆ ಎದ್ದಾಗ, ಎಬ್ಬಿಸಿದರೂ ಎಚ್ಚರವಾಗದ ಮಂಪರು, ಹಸುಗೂಸಿನ ನೆತ್ತಿ ಉಬ್ಬಿ ಬಿಗಿಯಾಗುವುದು, ಕಣ್ಣಾಲಿಗಳು ಕೆಳಕ್ಕೆ ಇಳಿದು ಮೇಲೆ ಬಾರದಿರುವುದು, ಹೊಸದಾಗಿ ಮೆಳ್ಳೆಗಣ್ಣು, ಫಿಟ್ಸ್, ದೃಷ್ಟಿ ಮಂಜಾಗುವುದು.

ಕಿವಿ. ಕರೆದರೆ ತಿರುಗುವುದಿಲ್ಲ, ಹೇಳಿದ್ದು ಮಾಡುವುದಿಲ್ಲ. ಕೇಳಿಸಿದರೆ ತಾನೆ ಮಾಡುವುದು? ಈ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಲ್ಲುವುದು ಸಾಮಾನ್ಯ. ಒಂದು ವಾರ ಕೇಳಿಸುತ್ತದೆ, ನೆಗಡಿಯಾದ ವಾರ ಕೇಳಿಸುವುದಿಲ್ಲ. ಮನೆಯವರು "ಬೇಕಾದಾಗ ಕೇಳಿಸುತ್ತೆ ಇವನಿಗೆ" ಎನ್ನುತ್ತಾರೆ. ಹುಟ್ಟಿದಾಗ ಮಾಡಿದ ಪರೀಕ್ಷೆ ಪಾಸಾಗಿದ್ದರೂ ಮತ್ತೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ಪರೀಕ್ಷೆಯೂ ಒಂದೇ ಆವರಣದಲ್ಲಿ ಆಗುತ್ತದೆ.

ಕಣ್ಣು. ಮೆಳ್ಳೆಗಣ್ಣು, ಒಂದೇ ಕಣ್ಣಿನ ದೃಷ್ಟಿ ಕುಗ್ಗುವುದು, ಕನ್ನಡಕದ ನಂಬರು. ಒಂದು ಪಕ್ಕದ ಕೊರೊನಲ್ ಸಂದು ಬೆಸೆದವರಲ್ಲಿ ಹೆಚ್ಚು. ಮೆಟ್ಟಿಲಲ್ಲಿ ಎಡವುವ, ಚೆಂಡಾಟಕ್ಕೆ ಹೋಗಲೊಲ್ಲದ ಮಗುವನ್ನು ಪುಕ್ಕಲ ಎನ್ನುವ ಮೊದಲು ಕಣ್ಣು ತೋರಿಸಿ.

ಕೈ. ಏಪರ್ಟ್ ಮಗು ತಟ್ಟೆ ಎಸೆದರೆ ಅದರ ಬೆರಳುಗಳನ್ನು ನೋಡಿ. ಗುಂಡಿ ಹಾಕಲಾಗದೆ, ಪೆನ್ಸಿಲ್ ನಿಲ್ಲದೆ, ತುತ್ತು ಕಲಸಲಾಗದೆ ಬಂದ ಸಿಟ್ಟು ಅದು. ಗುಂಡಿಯ ಬದಲು ವೆಲ್‌ಕ್ರೋ, ದಪ್ಪ ಹಿಡಿಯ ಚಮಚ, ದಿನದ ಕೆಲಸಗಳಿಗೆ ಕೈ ಪಳಗಿಸುವ ಆಕ್ಯುಪೇಷನಲ್ ಥೆರಪಿ. ಸಿಟ್ಟಿಗೆ ಇದೇ ಔಷಧ.

ಹೆಜ್ಜೆ 4: ಬೆಳವಣಿಗೆಯನ್ನು ಅಳತೆ ಮಾಡಿಸಿ, ಊಹೆ ಬೇಡ

ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗಬೇಕು. ನಾಲ್ಕಕ್ಕೆ ಕತ್ತು ನಿಲ್ಲಬೇಕು. ಒಂಬತ್ತಕ್ಕೆ ಆಸರೆಯಿಲ್ಲದೆ ಕೂರಬೇಕು, ಹೆಸರು ಕರೆದರೆ ತಿರುಗಬೇಕು. ಒಂದೂವರೆ ವರ್ಷಕ್ಕೆ ನಡೆಯಬೇಕು, ಬೇಕಾದದ್ದನ್ನು ಬೆರಳು ಮಾಡಿ ತೋರಿಸಬೇಕು, ಕೆಲವಾದರೂ ಮಾತು ಆಡಬೇಕು. ಎರಡಕ್ಕೆ "ಅಮ್ಮ ಬಾ", "ಹಾಲು ಬೇಡ" ಎಂದು ಎರಡು ಪದ ಕೂಡಿಸಬೇಕು. ತಾಯಿ ಕಾರ್ಡಿನಲ್ಲೂ ಇಂಥ ಪಟ್ಟಿ ಇರುತ್ತದೆ. ತಲೆ ದೊಡ್ಡದು ಅಥವಾ ಭಾರ ಎಂದು ಕತ್ತು ನಿಲ್ಲುವುದು ಸ್ವಲ್ಪ ತಡವಾಗಬಹುದು. ಬೆರಳು ಮಾಡಿ ತೋರಿಸದಿರುವುದಕ್ಕೆ, ಹೆಸರಿಗೆ ತಿರುಗದಿರುವುದಕ್ಕೆ ಮಾತ್ರ ತಲೆಯ ಆಕಾರವನ್ನು ನೆಪ ಮಾಡಬೇಡಿ. ಆಟಿಸಂ, ಬೌದ್ಧಿಕ ಬೆಳವಣಿಗೆಯ ತಡೆ ಇವು ಈ ಮಕ್ಕಳಿಗೂ ಬರಬಹುದು, ಅವುಗಳ ಪರೀಕ್ಷೆ ಬೇರೆಯೇ ಆಗಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ವೈದ್ಯರ ತಂಡ ಜಿಲ್ಲಾ ಆಸ್ಪತ್ರೆಯಲ್ಲಿರುವ, ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಡಿಇಐಸಿ ಕೇಂದ್ರಕ್ಕೆ ಕಳಿಸಿಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರವಿಭಾಗವೂ ಇದೆ, ಮಕ್ಕಳ ಮನೋವೈದ್ಯ ವಿಭಾಗವೂ ಇದೆ. ಹಳ್ಳಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಮಗು ಎತ್ತಿಕೊಂಡು ಹೋಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ಒಂದು ಸಲ ಅಳತೆಯಾದರೆ ಮುಗಿಯಲಿಲ್ಲ. ವರ್ಷದ ಮಗುವಿನಲ್ಲಿ ಗಮನದ ತೊಂದರೆ ಕಾಣುವುದಿಲ್ಲ, ಅದು ಕಾಣುವುದು ಬರೆಯಲು, ಗುಣಾಕಾರ ಮಾಡಲು ಕೂತಾಗ. ಆಪರೇಷನ್ನಿಗೆ ಮೊದಲು ಒಮ್ಮೆ, ಎರಡು ಮೂರು ವರ್ಷಕ್ಕೆ ಮಾತು ನೋಡಲು ಒಮ್ಮೆ, ಶಾಲೆಗೆ ಸೇರಿಸುವ ಮೊದಲು ಒಮ್ಮೆ, ಏಳೆಂಟು ವರ್ಷಕ್ಕೆ ಕಲಿಕೆ ನೋಡಲು ಒಮ್ಮೆ ಮಾಡಿಸಿದರೆ ಒಳ್ಳೆಯದು. ಆಪರೇಷನ್ ಆದ ವಾರಗಳಲ್ಲಿ ಮಾತ್ರ ಬೇಡ. ಆಗ ಮಗು ತಾನಾಗಿರುವುದಿಲ್ಲ.

ಹೆಜ್ಜೆ 5: ಆಪರೇಷನ್ನಿನ ಆಚೀಚೆ

ಮೂರು ನಾಲ್ಕು ತಿಂಗಳೊಳಗೆ ಗೊತ್ತಾದರೆ ಸಣ್ಣ ಗಾಯ ಮಾಡಿ, ಎಂಡೊಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯ ನೆರವಿನಿಂದ ಆಪರೇಷನ್ ಮಾಡಿ ಆಮೇಲೆ ತಿಂಗಳುಗಟ್ಟಲೆ, ದಿನಕ್ಕೆ 23 ತಾಸು ಹೆಲ್ಮೆಟ್ ಹಾಕಿಸುವ ಕ್ರಮವಿದೆ. ತಡವಾದರೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ನಡುವೆ ತಲೆಬುರುಡೆಯನ್ನು ಬಿಚ್ಚಿ ಮರುಜೋಡಿಸುತ್ತಾರೆ. ಎರಡರಲ್ಲೂ ಮಗುವಿನ ದಿನಚರಿ ಬುಡಮೇಲಾಗುತ್ತದೆ. ಮನೆಗೆ ಬಂದಮೇಲೆ ಕೆಲವು ವಾರ ರಾತ್ರಿ ಬೆಚ್ಚಿ ಏಳುವುದು, ಸೊಂಟ ಬಿಟ್ಟಿಳಿಯದಿರುವುದು, ಬಿಳಿ ಕೋಟು ಕಂಡರೆ ಚೀರುವುದು, ಕಲಿತ ಒಂದೆರಡು ಮಾತು ಬಿಡುವುದು ಆಗಬಹುದು. ನಿಧಾನವಾಗಿ ಇಳಿಯುತ್ತಿದ್ದರೆ ಕಾಯಿರಿ. ಏರುತ್ತಿದ್ದರೆ, ಜ್ವರ ವಾಂತಿ ಜೊತೆಗಿದ್ದರೆ ಕಾಯಬೇಡಿ.

ನಮಗೆ ಆಸರೆಯಾದದ್ದು ಒಂದು ಹಳೆ ಸೀರೆ. ನನ್ನ ಅಮ್ಮನ ಹತ್ತಿ ಸೀರೆಯ ತುಂಡನ್ನು ಮೊದಲಿನಿಂದ ಹೊದಿಸುತ್ತಿದ್ದೆವು, ಅದನ್ನೇ ಆಸ್ಪತ್ರೆಗೂ ಒಯ್ದೆವು. ಕಣ್ಣಿನ ಸುತ್ತ ಬಾವು ಬಂದು ಎರಡು ದಿನ ಅವನಿಗೆ ಕಣ್ಣು ಬಿಡಲಾಗಲಿಲ್ಲ. ಸೀರೆಯ ವಾಸನೆ, ನನ್ನ ದನಿ ಇಷ್ಟೇ ಅವನಿಗಿದ್ದ ಲೋಕ. ಈ ಬಾವು ಬರುತ್ತದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ.

ದೊಡ್ಡ ಮಕ್ಕಳಿಗೆ ಆಪರೇಷನ್ನಾದರೆ ಸುಳ್ಳು ಹೇಳಿ ಕರೆದೊಯ್ಯಬೇಡಿ. "ಐಸ್‌ಕ್ರೀಂ ತಿನ್ನೋಕೆ ಹೋಗೋಣ" ಎಂದು ಕರೆದುಕೊಂಡು ಹೋದ ಮಗು ಮುಂದಿನ ಹತ್ತು ಸಲ ಚಪ್ಪಲಿ ಹಾಕಿಕೊಳ್ಳುವುದಿಲ್ಲ. ಇನ್ನು ಜವಳ ತೆಗೆಸುವುದು: ಗಾಯ ಮಾಗಿದೆ, ಕತ್ತಿ ಆಡಿಸಬಹುದು ಎಂದು ಶಸ್ತ್ರವೈದ್ಯರು ಹೇಳಿದ ಮೇಲೆಯೇ. ಹರಕೆ ಕಾಯುತ್ತದೆ. ಕ್ಷೌರದ ಅಂಗಡಿಗೆ ಹೆದರುವ ಮಕ್ಕಳೂ ಇದ್ದಾರೆ. ಕಿವಿಯಿಂದ ಕಿವಿಗೆ ಹೋಗುವ ಗಾಯದ ಗೆರೆಯ ಮೇಲೆ ಮಷಿನ್ನಿನ ಗುರುಗುರು ಅವರಿಗೆ ನೋವಿನ ನೆನಪು. ಕತ್ತರಿಯಲ್ಲಿ ಮಾಡಿಸಿ, ಕನ್ನಡಿ ಅವನ ಕೈಗೇ ಕೊಡಿ.

ಹೆಜ್ಜೆ 6: ಮನೆಯಲ್ಲಿ ಉಳಿದ ಮಕ್ಕಳಿಗಿರುವ ನಿಯಮವೇ ಇವನಿಗೂ

ಮೈಯ ಕಾರಣಗಳನ್ನೆಲ್ಲ ನೋಡಿಸಿಯಾದ ಮೇಲೂ ಉಳಿಯುವ ಹಟ ಒಂದಿಷ್ಟಿರುತ್ತದೆ. ಅದು ನಾವು ಬೆಳೆಸಿದ್ದು. ನಮ್ಮತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದರು, "ಪಾಪ, ಅವನಿಗೇನೂ ಅನ್ಬೇಡ ಕಣೆ, ಎಷ್ಟು ನೋವು ತಿಂದಿದೆ ಕೂಸು." ಅವನು ತಂಗಿಯ ಕೂದಲು ಜಗ್ಗಿದರೆ ಬೈಗುಳ ತಂಗಿಗೆ. ಅವನು ಕೇಳಿದರೆ ರಾತ್ರಿ ಹತ್ತಕ್ಕೂ ಮೊಬೈಲು. ಒಂದು ದಿನ ಅತ್ತೆಯನ್ನು ಕೂರಿಸಿಕೊಂಡು ಹೇಳಿದೆ: "ಅತ್ತೆ, ನಾಳೆ ಸ್ಕೂಲಲ್ಲಿ ಯಾರೂ ಪಾಪ ಅನ್ನಲ್ಲ. ಅಲ್ಲಿ ಇವನು ಒಬ್ಬನೇ ಆಗ್ತಾನೆ." ಅವರಿಗೆ ಬೇಸರವಾಯಿತು, ಎರಡು ದಿನ ಮಾತು ಕಡಿಮೆ ಮಾಡಿದರು. ಮೂರನೇ ದಿನ ತಾವೇ ಅವನ ಕೈಯಲ್ಲಿ ಅವರೆಕಾಯಿ ಸುಲಿಸುತ್ತಾ ಕೂತಿದ್ದರು. "ಈ ಬುಟ್ಟಿ ಮುಗಿಸಿದರೆ ಕತೆ" ಎಂದಿದ್ದರು. ಯಾವ ಥೆರಪಿಸ್ಟೂ ಅದಕ್ಕಿಂತ ಒಳ್ಳೆಯ ಪಾಠ ಹೇಳಿಕೊಟ್ಟಿರಲಾರರು: ಕೈಗೆ ಕೆಲಸ, ಕೊನೆ ಕಾಣುವಷ್ಟು ಚಿಕ್ಕದು, ಮುಗಿದ ಕೂಡಲೇ ಒಂದು ಸಂತೋಷ.

ಗಮನ ಚದುರುವ ಮಗುವಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಬ್ಯಾಗ್ ಇಟ್ಟು ಕೈಕಾಲು ತೊಳೆದು ಬಟ್ಟೆ ಬದಲಾಯಿಸಿ ತಿಂಡಿಗೆ ಬಾ" ಎಂದರೆ ಅವನಿಗೆ ಉಳಿಯುವುದು ತಿಂಡಿ ಮಾತ್ರ. ಹತ್ತಿರ ಹೋಗಿ, ಭುಜ ಮುಟ್ಟಿ, ಕಣ್ಣು ಸೇರಿದ ಮೇಲೆ "ಬ್ಯಾಗ್ ಇಡು" ಅನ್ನಿ. ಇಟ್ಟ ಮೇಲೆ ಮುಂದಿನದು. ಹೊಡೆಯಬೇಡಿ, ಅದರಲ್ಲೂ ತಲೆಗೆ ಎಂದೆಂದಿಗೂ ಬೇಡ. ಮೂಳೆ ಪೂರ್ತಿ ತುಂಬಿಕೊಳ್ಳದ ಜಾಗ ಕೆಲವು ಮಕ್ಕಳಲ್ಲಿ ಉಳಿದಿರುತ್ತದೆ. ಹಾಗೆಂದು ಆಟಕ್ಕೆ ಬಿಡದೆ ಕೂರಿಸುವುದೂ ಸರಿಯಲ್ಲ. ಯಾವ ಆಟ ಬೇಡ ಎಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ, ಉಳಿದದ್ದಕ್ಕೆಲ್ಲ ಬಿಡಿ.

ಹೆಜ್ಜೆ 7: ಶಾಲೆ, ಮತ್ತು ನೋಡುವ ಕಣ್ಣುಗಳು

ಜೂನ್ ಮೊದಲ ವಾರವೇ ಟೀಚರನ್ನು ಕಂಡು, ಒಂದು ಪುಟದಲ್ಲಿ ಬರೆದುಕೊಡಿ: ಏನು ತೊಂದರೆ, ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಯಾವ ಗುರುತು ಕಂಡರೆ ಮನೆಗೆ ಫೋನ್ ಮಾಡಬೇಕು, ಮಗು ಯಾವುದರಲ್ಲಿ ಜಾಣ. ಕೊನೆಯದನ್ನು ಮರೆಯಬೇಡಿ. ಮುಖ ಬೇರೆಯಾಗಿ ಕಂಡರೆ ಬುದ್ಧಿಯೂ ಕಡಿಮೆ ಎಂದು ಜನ ತಾವೇ ಲೆಕ್ಕ ಹಾಕಿಬಿಡುತ್ತಾರೆ, ಸುಲಭದ ಪ್ರಶ್ನೆ ಮಾತ್ರ ಕೇಳುತ್ತಾರೆ, ಮಗು ಬೇಸರದಿಂದ ಕೀಟಲೆಗಿಳಿಯುತ್ತದೆ. ಮುಂದಿನ ಬೆಂಚು, ಕಿಟಕಿಯ ಬೆಳಕು ಹಿಂದಿನಿಂದ ಬರುವ ಜಾಗ ಕೇಳಿ. ಕಲಿಕೆಯ ನಿರ್ದಿಷ್ಟ ತೊಂದರೆ ಇದೆ ಎಂದು ಪರೀಕ್ಷೆಯಲ್ಲಿ ಕಂಡರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಒಂದು. ಪ್ರಮಾಣಪತ್ರ ಮಾಡಿಸಿದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಕೇಳಬಹುದು. ಪ್ರಮಾಣಪತ್ರ ಎಂದರೆ ಹಣೆಪಟ್ಟಿ ಎಂದು ನಾನೂ ಎರಡು ವರ್ಷ ಹಿಂಜರಿದೆ. ಆ ಎರಡು ವರ್ಷ ಕಷ್ಟಪಟ್ಟವನು ಅವನು.

ಅಡ್ಡಹೆಸರು ಬಂದೇ ಬರುತ್ತದೆ. ನನ್ನ ಮಗನಿಗೆ "ಕಪ್ಪೆಗಣ್ಣ" ಎಂದು ಇಟ್ಟಿದ್ದರು. ಮನೆಗೆ ಬಂದು ಹೇಳಲಿಲ್ಲ. ಕನ್ನಡಿಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದನ್ನು ನಾನೇ ಕಂಡು ಕೇಳಿದ್ದು. ಆಗ ಇಬ್ಬರೂ ಕೂತು ಒಂದು ಉತ್ತರ ಮಾಡಿಕೊಂಡೆವು, ಅವನದೇ ಮಾತಿನಲ್ಲಿ: "ನಾನು ಹುಟ್ಟಿದಾಗ ತಲೆ ಮೂಳೆ ಬೇಗ ಅಂಟ್ಕೊಂಡಿತ್ತು. ಡಾಕ್ಟ್ರು ಸರಿ ಮಾಡಿದ್ರು. ಬಾ, ಆಡೋಣ." ಕಡೆಯ ಎರಡು ಪದ ಅವನೇ ಸೇರಿಸಿದ್ದು. ಅಡುಗೆಮನೆಯಲ್ಲಿ ನಾನು ಕೀಟಲೆ ಹುಡುಗನಾಗಿ, ಅವನು ಅವನೇ ಆಗಿ ಹತ್ತು ಸಲ ಅಭ್ಯಾಸ ಮಾಡಿದೆವು. ಮದುವೆಮನೆಯಲ್ಲಿ ದೊಡ್ಡವರು ದಿಟ್ಟಿಸಿದಾಗ ನಾನೇ ಮೊದಲು ಮಾತಾಡಿಸುತ್ತೇನೆ, "ಇವನು ನನ್ನ ಮಗ, ಮೂರನೇ ಕ್ಲಾಸು" ಎಂದು. ಕೀಟಲೆ ಹೊಡೆತಕ್ಕೆ ತಿರುಗಿದರೆ, ಮಗು ಶಾಲೆಗೆ ಹೋಗಲೊಲ್ಲೆ ಎಂದರೆ, ಊಟ ಬಿಟ್ಟರೆ ಅದು ಮಗು ತಾನೇ ನಿಭಾಯಿಸುವ ವಿಷಯವಲ್ಲ. ಹೆಡ್‌ಮಾಸ್ಟರ ಹತ್ತಿರ ಹೋಗಿ, ಮಕ್ಕಳ ಮನೋವೈದ್ಯರನ್ನೂ ಕಾಣಿ.

ಹೆಜ್ಜೆ 8: ಬೆಳೆದ ಮಗುವಿಗೆ ಅವನ ಫೈಲು ಕೊಡಿ

ಎಂಟು ಹತ್ತು ವರ್ಷದ ಮೇಲೆ ಕ್ರೂಝೋನ್, ಏಪರ್ಟ್ ಮಕ್ಕಳಿಗೆ ಮುಖದ ನಡುಭಾಗವನ್ನು ಮುಂದಕ್ಕೆ ತರುವ ಆಪರೇಷನ್ನಿನ ಮಾತು ಬರುತ್ತದೆ. ಮೂಳೆಯನ್ನು ಬಿಡಿಸಿ, ಚೌಕಟ್ಟು ಹಾಕಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ವಾರಗಟ್ಟಲೆ ಮುಂದೆ ತರುವ ವಿಧಾನ. ಉಸಿರಿಗೆ ಬೇಕೇಬೇಕು ಎಂದಾದರೆ ಬೇರೆ ಮಾತು. ರೂಪಕ್ಕಾಗಿ ಮಾತ್ರವಾದರೆ ಮಗುವಿನ ಮಾತು ಕೇಳದೆ ನಿರ್ಧರಿಸಬೇಡಿ. ಈ ವಯಸ್ಸಿಗೆ ಅವನ ಸ್ಕ್ಯಾನು, ಹಳೆ ಫೋಟೊ, ಆಪರೇಷನ್ ದಿನಾಂಕ ಎಲ್ಲವನ್ನೂ ಅವನಿಗೆ ತೋರಿಸಿ, ವೈದ್ಯರ ಮುಂದೆ ಅವನೇ ಪ್ರಶ್ನೆ ಕೇಳಲಿ.

ನಮ್ಮ ಮುಂದಿನ ಭೇಟಿ ದಸರಾ ರಜೆಯಲ್ಲಿದೆ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಗ ತನ್ನ ಪ್ರಶ್ನೆಗಳನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಾನೆ. ಒಂದು: ನೋವು ಎಷ್ಟು ದಿನ. ಎರಡು: ಚೌಕಟ್ಟು ಹಾಕಿಕೊಂಡು ಮಲಗೋದು ಹೇಗೆ. ಮೂರು: ಆಮೇಲೆ ತಂಗಿಗೆ ನನ್ನ ಗುರುತು ಸಿಗುತ್ತಾ.